ನೀಲದಂತ ಬಿಲ್ಲೆ ಮೀಮಾಂಸೆ

ಹೋದ ವರ್ಷ ಹೈದರಾಬಾದಿನಲ್ಲಿ ನಡೆದ ಎರಡು ದಿನದ ವಿಚಾರ ಸಂಕಿರಣವೊಂದರ ಕೊನೆಯ ಸಾಲಿನಲ್ಲಿ ಕೂತಿದ್ದೆ. ವಿದ್ವಾಂಸರೊಬ್ಬರು ನಲವತ್ತು ನಿಮಿಷದಲ್ಲಿ ‘ಮುಖಾಮುಖಿಯಾಗಿಸುವ’ ಎಂಬ ಪದವನ್ನು ಹತ್ತೊಂಬತ್ತು ಸಲ ಬಳಸಿದರು. ಊಟದ ಚೀಟಿಯ ಬೆನ್ನಿಗೆ ಗೀಟು ಹಾಕಿ ಎಣಿಸಿದ್ದೇನೆ. ಏನನ್ನು ಯಾವುದಕ್ಕೆ ಮುಖಾಮುಖಿಯಾಗಿಸಿದರು ಎಂಬುದು ಇವತ್ತಿಗೂ ತಿಳಿದಿಲ್ಲ. ಆ ಗುಂಗಿನಲ್ಲೇ ಹೊರಬಂದು ಕಾಚಿಗುಡದ ಆಟೋದಲ್ಲಿ ಕೊಡೆ ಬಿಟ್ಟು ಇಳಿದೆ. ಎರಡು ದಿನ ಮತ್ತು ಒಂದು ಕೊಡೆಯ ನಷ್ಟದಿಂದ ಹುಟ್ಟಿದ್ದು ಪ್ರಸ್ತುತ ಸಂಶೋಧನ ಪ್ರಬಂಧ. ಮಾರ್ಗದರ್ಶಕರು ಯಾರೂ ಇಲ್ಲ.

1. ಪರಿಕಲ್ಪನಾತ್ಮಕ ಚೌಕಟ್ಟು

ನೀಲದಂತ ಬಿಲ್ಲೆಯೆಂದರೆ, ವಸ್ತುವಿನ ಅನುಪಸ್ಥಿತಿಯನ್ನು ಉಪಸ್ಥಿತಿಯ ನೆಲೆಯಲ್ಲಿ ಮರುಕಟ್ಟುವ, ತನ್ಮೂಲಕ ಸ್ವಾಮ್ಯದ ಕಥನವನ್ನು ಅನ್ಯರ ಅರಿವಿಲ್ಲದ ಸಹಭಾಗಿತ್ವದೊಂದಿಗೆ ಮುಖಾಮುಖಿಯಾಗಿಸುವ, ವರ್ತುಲಾಕಾರದ ಒಂದು ಪಠ್ಯ. ಸರಳವಾಗಿ ಹೇಳುವುದಾದರೆ (ಹೇಳಬಾರದು, ಬಡ್ತಿ ತಪ್ಪುತ್ತದೆ) ಕಳೆದರೆ ಹುಡುಕಲೆಂದು ಬೀಗದ ಕೈಗೆ ಕಟ್ಟುವ ಗುಂಡಿ.

‘ನೀಲದಂತ’ ಎಂಬುದು ನನ್ನ ಸೃಷ್ಟಿಯಲ್ಲ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡನಿಗೆ ಬ್ಲೂಟೂತ್ ಎಂಬ ಅಡ್ಡಹೆಸರಿತ್ತು. ಬಾಯಲ್ಲಿ ಕಪ್ಪಿಟ್ಟ ಹಲ್ಲೊಂದಿತ್ತೆಂದು ಪ್ರತೀತಿ. ಚದುರಿದ ಜನರನ್ನು ಒಗ್ಗೂಡಿಸಿದವನೆಂದು 1997ರಲ್ಲಿ ಇಂಟೆಲ್‌ನ ಎಂಜಿನಿಯರೊಬ್ಬರು ಯಂತ್ರಗಳನ್ನು ಒಗ್ಗೂಡಿಸುವ ತಂತ್ರಕ್ಕೆ ಅವನ ಹೆಸರನ್ನು ಸೂಚಿಸಿದರು. ಹುಳುಕು ಹಲ್ಲೊಂದು ಸಾವಿರ ವರ್ಷದ ಮೇಲೆ ಹೀಗೆ ಮರುಹುಟ್ಟು ಪಡೆದ ಉದಾಹರಣೆ ಇತಿಹಾಸದಲ್ಲಿ ಬೇರೆಯಿಲ್ಲ. ಇದು ಪ್ರಬಂಧದ ಮೊದಲ ಫಲಿತ.

2. ಪೂರ್ವಪಕ್ಷ

ಕಳೆದದ್ದನ್ನು ಹುಡುಕುವ ದೇಸಿ ತಂತ್ರಜ್ಞಾನಗಳು ಎರಡು. ಒಂದು, ಅಂಜನ ಹಾಕುವುದು: ವೀಳ್ಯದೆಲೆಗೆ ಕಪ್ಪು ಸವರಿ, ಮಗುವಿನ ಕೈಲಿ ನೋಡಿಸಿ, ಕದ್ದವರ ಮುಖ ಕಾಣಿಸುವುದು. ಕಂಡ ಮುಖ ಸಾಮಾನ್ಯವಾಗಿ ಮನೆಯವರು ಮೊದಲೇ ಅನುಮಾನಿಸಿದವರದೇ ಆಗಿರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು, ಕಾರ್ತವೀರ್ಯಾರ್ಜುನನ ಮಂತ್ರ. ನಮ್ಮಜ್ಜಿ ಬೆಂಡೋಲೆಯ ತಿರುಪು ಬಿದ್ದರೂ ಸಾವಿರ ತೋಳಿನ ಆ ದೊರೆಯನ್ನೇ ಕರೆಯುತ್ತಿದ್ದಳು. ನೆಲ ತಡಕಲು ಎರಡು ಕೈ ಸಾಲದಾದಾಗ ಸಾವಿರ ಕೈಯವನನ್ನು ಕರೆಯುವುದು ತರ್ಕಬದ್ಧವೇ.

ಸಿದ್ಧಾಂತ: ಬಿಲ್ಲೆಯೂ ಅದನ್ನೇ ಮಾಡುತ್ತದೆ. ಜನ ಏನೇ ತಿಳಿದಿರಲಿ, ಅದರೊಳಗೆ ಉಪಗ್ರಹದ ಸಂಪರ್ಕವಿಲ್ಲ, ಸಿಮ್ ಇಲ್ಲ. ಇರುವುದು ಮುಖ್ಯವಾಗಿ ನಾಣ್ಯದಂಥ ಬ್ಯಾಟರಿ, ಪುಟ್ಟ ರೇಡಿಯೋ, ಒಂದು ಸ್ಪೀಕರು. 2021ರ ಏಪ್ರಿಲಿನಲ್ಲಿ ಬಂದ ಆಪಲ್‌ನ ಏರ್‌ಟ್ಯಾಗ್ ತೂಗುವುದು 11 ಗ್ರಾಂ. ತಾನೆಲ್ಲಿದ್ದೇನೆಂದು ಅದಕ್ಕೇ ಗೊತ್ತಿಲ್ಲ. ‘ನಾನಿದ್ದೇನೆ, ನಾನಿದ್ದೇನೆ’ ಎಂದು 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೂಗುತ್ತಿರುತ್ತದೆ. ಹತ್ತಾರು ಮೀಟರಿನೊಳಗೆ ಹಾದುಹೋಗುವ ಅಪರಿಚಿತರ ಫೋನು ಆ ಕೂಗು ಕೇಳಿಸಿಕೊಂಡು, ತಾನಿರುವ ಜಾಗವನ್ನು ಬೀಗ ಹಾಕಿದ ಲಕೋಟೆಯಲ್ಲಿಟ್ಟು ಸರ್ವರಿಗೆ ರವಾನಿಸುತ್ತದೆ. ಬೀಗದ ಕೈ ಬಿಲ್ಲೆಯ ಒಡೆಯನ ಬಳಿ ಮಾತ್ರ. ಫೋನಿನವನಿಗೆ ತಾನು ಸಾವಿರ ತೋಳುಗಳಲ್ಲಿ ಒಂದೆಂಬುದೇ ಗೊತ್ತಾಗುವುದಿಲ್ಲ.

ತೋಳುಗಳಲ್ಲೂ ಜಾತಿಯುಂಟು. ಆಪಲ್ ಬಿಲ್ಲೆಯ ಕೂಗನ್ನು ಆಪಲ್ ಯಂತ್ರಗಳು ಮಾತ್ರ ಒಯ್ಯುತ್ತವೆ. ಹೀಗಾಗಿ ಬಂಜಾರಾ ಹಿಲ್ಸ್‌ನಲ್ಲಿ ಬಿದ್ದ ಕೀಲಿಗೊಂಚಲು ಬೇಗ ಪತ್ತೆ. ಪುರಾನಾಪುಲ್‌ನ ಸಂದಿಯಲ್ಲಿ ಬಿದ್ದದ್ದು ಕೂಗಿ ಕೂಗಿ ಗಂಟಲೊಣಗಿಸಿಕೊಳ್ಳಬೇಕು. 2024ರಲ್ಲಿ ಶುರುವಾದ ಗೂಗಲ್‌ನ ಜಾಲದಲ್ಲಿ ಆಂಡ್ರಾಯ್ಡ್ ತೋಳುಗಳೇನೋ ಲೆಕ್ಕವಿಲ್ಲದಷ್ಟು, ಆದರೆ ಗೋಪ್ಯತೆಯ ಸಲುವಾಗಿ ಹಲವು ಫೋನು ಕಂಡರೇ ಜಾಗ ಹೇಳುವುದೆಂದು ಮೊದಲಿಗೆ ಇಟ್ಟರು. ಸುಲ್ತಾನ್ ಬಜಾರಿನ ಸಂಜೆಗೆ ಅದು ಹೇಳಿಮಾಡಿಸಿದ್ದು. ಬೀದರಿನ ದಾರಿಯಲ್ಲಿ ಒಂಟಿ ಡಾಬಾದ ಬೆಂಚಿನ ಮೇಲೆ ಮರೆತ ಚೀಲಕ್ಕೆ ಅಷ್ಟು ಸಾಕ್ಷಿಗಳನ್ನು ಎಲ್ಲಿಂದ ತರೋಣ?

3. ನಷ್ಟದ ಪಂಚವಿಧ ವರ್ಗೀಕರಣ

ಮೊದಲನೆಯದು ಗೃಹಸ್ಥ ನಷ್ಟ. ವಸ್ತು ಮನೆಯಲ್ಲೇ ಇದೆ, ಕಾಣುತ್ತಿಲ್ಲ. ಇದಕ್ಕೆ ಶಾಸ್ತ್ರೀಯ ನಿದರ್ಶನ ಇದೇ ಹೈದರಾಬಾದಿನ ಜೇಕಬ್ ವಜ್ರ, 184.75 ಕ್ಯಾರಟ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಇದರ ವ್ಯಾಪಾರದಲ್ಲಿ 1891ರಲ್ಲಿ ಕಲ್ಕತ್ತೆಯ ಕೋರ್ಟಿನವರೆಗೆ ತಲೆನೋವು ತಂದುಕೊಂಡು, ಬೇಸತ್ತು ಅದನ್ನು ಎಲ್ಲೋ ಎಸೆದಿಟ್ಟ. ಅವನು ತೀರಿದ ಮೇಲೆ ಚೌಮಹಲ್ಲಾ ಅರಮನೆಯಲ್ಲಿ, ಅವನದೇ ಚಡಾವಿನ ತುದಿಯಲ್ಲಿ ಅದು ಮಗನಿಗೆ ಸಿಕ್ಕಿತು. ಮಗ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಕಾಗದ ಹಾರದಂತೆ ಒತ್ತುಗಲ್ಲು ಮಾಡಿಕೊಂಡ. ಬಿಲ್ಲೆ ಇದ್ದಿದ್ದರೆ ವಜ್ರ ಚಡಾವಿನೊಳಗಿಂದಲೇ ಕೂಗುತ್ತಿತ್ತು. ದೊರೆಯ ಚಡಾವಿಗೆ ಕಿವಿಯಿಡುವ ಧೈರ್ಯ ಯಾರಿಗಿತ್ತು ಎಂಬುದು ಬೇರೆ ಸಂಶೋಧನೆಯ ವಸ್ತು.

ಎರಡನೆಯದು ವಾಹನಸ್ಥ ನಷ್ಟ. ನನ್ನ ಕೊಡೆ.

ಮೂರನೆಯದು ಪರಹಸ್ತ ನಷ್ಟ. 2018ರ ಸೆಪ್ಟೆಂಬರಿನಲ್ಲಿ ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಮ್ಮಿನಿಂದ ಇಬ್ಬರು ಚಿನ್ನದ ಟಿಫಿನ್ ಡಬ್ಬಿಯನ್ನು, ಜೊತೆಗೆ ಕಪ್ಪು, ಸಾಸರು, ಚಮಚವನ್ನು ಹೊತ್ತೊಯ್ದರು. ಕ್ಯಾಮರಾದಲ್ಲಿ ಒಬ್ಬ ಫೋನಿನಲ್ಲಿ ಮಾತಾಡುತ್ತ ಹೋಗುವುದು ಕಂಡಿತು. ಪೊಲೀಸರು ಟವರುಗಳನ್ನೆಲ್ಲ ಜಾಲಾಡಿದರು. ಕೊನೆಗೆ ಗೊತ್ತಾದದ್ದು, ಆ ಫೋನಿನಲ್ಲಿ ಸಿಮ್ಮೇ ಇರಲಿಲ್ಲ. ದಾರಿ ತಪ್ಪಿಸಲು ಸುಮ್ಮನೆ ಕಿವಿಗಿಟ್ಟು ನಟಿಸಿದ್ದ. ಸಿಕ್ಕಿಬೀಳುವವರೆಗೆ ಒಬ್ಬ ಆ ಡಬ್ಬಿಯಲ್ಲೇ ಊಟ ಮಾಡುತ್ತಿದ್ದನೆಂದು ಪೊಲೀಸರು ಹೇಳಿದರು. ಇಡೀ ಪ್ರಕರಣದಲ್ಲಿ ಡಬ್ಬಿಯನ್ನು ಡಬ್ಬಿಯಾಗಿ ಕಂಡವನು ಅವನೊಬ್ಬನೇ.

ನಾಲ್ಕನೆಯದು ಹೆಚ್ಚುಕಡಿಮೆ ಮೂರನೆಯದರಂತೆಯೇ. ಐದನೆಯದನ್ನು ಯಾಕಿಟ್ಟೆನೋ ಮರೆತಿದ್ದೇನೆ. ಪಂಚವಿಧ ಎಂದರೆ ಕೇಳಲು ಚೆನ್ನಾಗಿತ್ತು.

4. ಗೋಪ್ಯತಾ ಕಾಂಡ

ಬಿಲ್ಲೆಯ ಗೋಪ್ಯತೆ ತ್ರಿಮುಖಿ. ಒಡೆಯನ ಜಾಗ ಕಂಪನಿಗೂ ಕಾಣದು. ದಾರಿಹೋಕನ ಗುರುತು ಒಡೆಯನಿಗೆ ತಿಳಿಯದು. ಬಿಲ್ಲೆ ಆಗಾಗ ತನ್ನ ವೇಷ ಬದಲಿಸುವುದರಿಂದ ಮೂರನೆಯವರಿಗೆ ಅದರ ಜಾಡು ಸಿಗದು. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದವರು 2021ರಲ್ಲಿ ಆಪಲ್‌ನ ಜಾಲವನ್ನು ಬಿಚ್ಚಿ ನೋಡಿ ಅದು ನಡೆಯುವ ಬಗೆಯನ್ನು ಬರೆದಿದ್ದಾರೆ. ಒಂದೆರಡು ಕುಂದು ಕಂಡರೂ ಒಟ್ಟಾರೆ ಗಣಿತ ಗಟ್ಟಿಯಾಗಿದೆ.

ಈ ಮೂವರ ಲೆಕ್ಕದಲ್ಲಿ ಇನ್ನೊಬ್ಬರು ಬಿಟ್ಟುಹೋದರು. ಬಿಲ್ಲೆ ಯಾರ ಚೀಲದಲ್ಲಿದೆಯೋ ಅವರು.

ಇಲ್ಲಿಂದ ಮುಂದೆ ಪರಿಭಾಷೆ ನನ್ನ ಕೈಲಾಗುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವಾಕೆ ನಾರಾಯಣಪೇಟೆ ಕಡೆಯವಳು. ಗಡಿಯಾಚೆ ಯಾದಗಿರಿ. ನನ್ನ ಹತ್ತಿರ ಕನ್ನಡ, ಉಳಿದವರ ಹತ್ತಿರ ತೆಲುಗು. ಬತುಕಮ್ಮ ಹಬ್ಬಕ್ಕೆ ಮೂರು ದಿನ ಊರಿಗೆ ಹೋಗಿ ಬಂದವಳು ಚೀಲ ತಂದು ನನ್ನ ಮುಂದಿಟ್ಟಳು. ‘ಅಣ್ಣಾ, ಇದರಾಗ ಯಾವ್ದೋ ಹುಳ ಕುಂತದ ನೋಡ್ರಿ. ಎತ್ತಿದಾಗೊಮ್ಮೆ ಚೀಂ ಅಂತದ. ಹುಡುಗ್ರು ಹೆದರ್ಯಾವ.’ ಚೀಲದ ತಳದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಂತಿತ್ತು. ಒಳಗೆ ಬಿಲ್ಲೆ.

ಅದನ್ನು ನನ್ನ ಫೋನಿಗೆ ತಾಗಿಸಿದೆ. ಒಡೆಯರ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬಂತು. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹುಡುಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಎರಡು ತಿಂಗಳ ಹಿಂದೆ ಆ ಮನೆಯಲ್ಲಿ ಒಂದು ಕಿವಿಯೋಲೆ ಕಳೆದಿತ್ತು. ಅದು ಆಮೇಲೆ ವಾಷಿಂಗ್ ಮಷಿನ್ನಿನ ರಬ್ಬರಿನ ಮಡಿಕೆಯಲ್ಲಿ ಸಿಕ್ಕಿದ್ದೂ ನಮಗೆಲ್ಲ ಗೊತ್ತು. ಓಲೆ ಸಿಕ್ಕಮೇಲೂ ಬಿಲ್ಲೆ ತೆಗೆಯಲು ಅವರಿಗೆ ನೆನಪಾಗಲಿಲ್ಲ. ವೀಳ್ಯದೆಲೆಯಲ್ಲಿ ಕಂಡ ಮುಖ.

ಇಷ್ಟು ದಿನ ಅದು ಯಾಕೆ ಕೂಗಲಿಲ್ಲ? ಅಪರಿಚಿತ ಬಿಲ್ಲೆ ಜೊತೆಗೆ ಬರುತ್ತಿದ್ದರೆ ಫೋನು ಎಚ್ಚರಿಸುತ್ತದೆ. 2024ರ ಮೇಯಿಂದ ಆಪಲ್, ಗೂಗಲ್ ಎರಡೂ ಸೇರಿ ಈ ವ್ಯವಸ್ಥೆ ಮಾಡಿವೆ. ಆಕೆಯ ಬಳಿಯಿರುವುದು ಬಟನ್ ಫೋನು. ಅದಕ್ಕೆ ಎಚ್ಚರಿಕೆ ಬರುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಇರುವುದು ಒಂದೇ ಉಪಾಯ: ಒಡೆಯನಿಂದ 8ರಿಂದ 24 ಗಂಟೆ ದೂರವಿದ್ದ ಬಿಲ್ಲೆ, ಅಲುಗಾಡಿದಾಗ ತಾನೇ ಸದ್ದು ಮಾಡಬೇಕು. ಮೊದಲು ಈ ಗಡುವು ಮೂರು ದಿನವಿತ್ತು, ಕೂಗೆದ್ದ ಮೇಲೆ 2021ರಲ್ಲೇ ಇಳಿಸಿದರು. ಆದರೆ ಈಕೆ ದಿನಾ ಬೆಳಿಗ್ಗೆ ಅದೇ ಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಬಿಲ್ಲೆ ಒಡೆಯರ ಫೋನನ್ನು ದಿನಾ ಸೇರುತ್ತದೆ. ಗಡುವು ತುಂಬುವ ಮೊದಲೇ ಎಷ್ಟೋ ಸಲ ಸೊನ್ನೆಗೆ ಬಂದಿರಬೇಕು. ಹೊಡೆಯುವ ಗಂಡನ ಜೊತೆ ಒಂದೇ ಸೂರಿನಡಿ ಇರುವವಳಿಗೂ ಇದೇ ಲೆಕ್ಕ. ಈ ವ್ಯವಸ್ಥೆಯ ಕಣ್ಣಿಗೆ ಹಿಂಬಾಲಿಸುವವನೆಂದರೆ ಬೀದಿಯ ಅಪರಿಚಿತ. ನಾವು ಯಾರ ಪಾತ್ರೆ ತೊಳೆಯುತ್ತೇವೋ, ಯಾರಿಗೆ ಅನ್ನ ಬಡಿಸುತ್ತೇವೋ ಅವರಲ್ಲ! ಆಕೆ ರಜೆ ಹಾಕಿದ್ದಕ್ಕೆ ಅದು ಕೂಗಿತು. ರಜೆ ಕೇಳಿದಾಗ ಎರಡು ಮನೆಯವರು ಸಂಬಳ ಹಿಡಿಯುತ್ತೇವೆಂದಿದ್ದರು.

ಕಾನೂನು ನೋಡಿದೆ. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಹಿಂಬಾಲಿಸುವುದರ ಬಗ್ಗೆ ಇದೆ. ಗಂಡಸು ಹೆಣ್ಣಿನ ಬೆನ್ನುಹತ್ತಿ, ಬೇಡವೆಂದರೂ ಮತ್ತೆಮತ್ತೆ ಮಾತಾಡಿಸಲು ಬರಬೇಕು, ಇಲ್ಲವೇ ಅವಳ ಇಂಟರ್ನೆಟ್ಟು, ಇಮೇಲುಗಳ ಮೇಲೆ ಕಣ್ಣಿಡಬೇಕು. ಬಿಲ್ಲೆ ಮಾತಾಡಿಸುವುದಿಲ್ಲ. ಈ ಸಂದರ್ಭದಲ್ಲಿ ಅದನ್ನು ಹೊಲಿದದ್ದು ಗಂಡಸೂ ಅಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತಾರರ ಪ್ರಾಯದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಎಷ್ಟು ಸಂಕಿರಣಗಳಾದವೋ. ಹೆಗಲಿಗೆ ಚೀಲ ಹಾಕಿ ಬೆಳಗಿನ ಬಸ್ಸು ಹತ್ತುವವರಲ್ಲಿ ಒಬ್ಬರನ್ನಾದರೂ ಅಲ್ಲಿಗೆ ಕರೆದದ್ದು ನಾನು ಕಾಣೆ.

ಆ ಮನೆಯವರನ್ನು ಕೇಳಿದೆ. ‘ಅವಳ ಸುರಕ್ಷತೆಗೇ ಹಾಕಿದ್ದು’ ಎಂದರು. ಆಕೆ ಆ ಮನೆ ಬಿಟ್ಟಳು. ತಿಂಗಳಿಗೆ ಎರಡು ಸಾವಿರ ರೂಪಾಯಿ ಕಡಿಮೆಯಾಯಿತು.

5. ಉಪಯುಕ್ತತೆ

ನಮಗೆ ಸಿಕ್ಕ ಮಾದರಿಯನ್ನು ಬಿಚ್ಚುವುದು ಸುಲಭ. ಮೊದಲು ಫೋನಿಗೆ ತಾಗಿಸಿ, ಬರುವ ಕ್ರಮಸಂಖ್ಯೆಯ ಫೋಟೊ ತೆಗೆದಿಡಿ. ದೂರು ಕೊಡುವುದಾದರೆ ಬೇಕಾಗುತ್ತದೆ. ಆಮೇಲೆ ಹೊಳೆಯುವ ಬದಿಯನ್ನು ಎರಡು ಹೆಬ್ಬೆರಳಿನಿಂದ ಒತ್ತಿ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಮುಚ್ಚಳ ಬರುತ್ತದೆ. ಬ್ಯಾಟರಿ ತೆಗೆಯಿರಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಇದನ್ನು ಒಮ್ಮೆ ಮಾಡಿ ತೋರಿಸಿ.