ಸೋದರಮಾವನ ಕಣ್ಣು

ಬ್ಯಾಡಗಿಯಲ್ಲಿ ಹುಟ್ಟಿದ ಕೂಸಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲು ಆಗುವ ಪಾಠ ಒಂದಿದೆ: ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಒಯ್ಯಬಾರದು. ಈ ಪಾಠವನ್ನು ಯಾವ ಮಾಸ್ತರರೂ ಹೇಳುವುದಿಲ್ಲ, ಮೆಣಸಿನಕಾಯಿಯೇ ಹೇಳಿಕೊಡುತ್ತದೆ. ಒಮ್ಮೆ ಕಲಿತವರು ಜನ್ಮದಲ್ಲಿ ಮರೆಯುವುದಿಲ್ಲ. ಹೀಗಾಗಿ ನಮ್ಮೂರಿನವರಿಗೆ ಕಣ್ಣೆಂದರೆ ಮೊದಲಿನಿಂದಲೂ ಭಯಭಕ್ತಿ.

ಅದಲ್ಲದೆ ಇದು ಕಣ್ಣಿನ ಮೇಲೆಯೇ ಬದುಕುವ ಊರು. ಸೋಮವಾರ ಇಲ್ಲವೆ ಗುರುವಾರ ಎಪಿಎಂಸಿಗೆ ಬಂದು ನೋಡಿ. ಖರೀದಿದಾರ ಬಂದು ಒಂದು ಹಿಡಿ ಕಾಯಿ ಎತ್ತಿ, ಬೆಳಕಿಗೆ ತಿರುಗಿಸಿ, ಮರಳಿ ರಾಶಿಗೆ ಒಗೆದು, ತುಟಿ ಪಿಟಕ್ಕೆನ್ನದೆ ಮುಂದಿನ ಲಾಟಿಗೆ ನಡೆಯುತ್ತಾನೆ. ಅಷ್ಟರಲ್ಲಿ ಅವನ ತಲೆಯೊಳಗೆ ದರ ಬರೆದು ಮುಗಿದಿರುತ್ತದೆ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಾಯಿ ಇದು. ಇದರಿಂದ ತೆಗೆದ ಓಲಿಯೊರೆಸಿನ್ ಲಿಪ್‌ಸ್ಟಿಕ್ಕಿಗೂ ಉಗುರಿನ ಬಣ್ಣಕ್ಕೂ ಹೋಗುತ್ತದೆ. ಪ್ರಯೋಗಾಲಯದವರು ಬಣ್ಣವನ್ನು ‘ಆಸ್ಟಾ’ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ಹಳೆಯ ದಲಾಲರು ಕಣ್ಣಲ್ಲೇ ಅಳೆದಿಟ್ಟು, ರಿಪೋರ್ಟ್ ಬಂದ ದಿನ “ನಾ ಏನ್ ಹೇಳಿದ್ದೆ?” ಅನ್ನುತ್ತಾರೆ. ತಪ್ಪಿದ ದಿನ ರಿಪೋರ್ಟಿನ ಮಾತೇ ಎತ್ತುವುದಿಲ್ಲ.

ನನ್ನದೂ ಅಲ್ಲೊಂದು ದಲಾಲಿ ಅಂಗಡಿ. ನನ್ನ ಅಕ್ಕನ ಮಗ ಪಿಯುಸಿ ಮುಗಿಸಿ, ಒಂದು ದಿನ ಊಟಕ್ಕೆ ಕೂತಾಗ, ಪೈಲಟ್ ಆಗುತ್ತೇನೆ ಅಂದ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಅತಿ ಎತ್ತರಕ್ಕೆ ಏರಿದವನೆಂದರೆ ಕೋಲ್ಡ್ ಸ್ಟೋರೇಜಿನ ಮೇಲಿನ ಅಂತಸ್ತಿಗೆ ಚೀಲ ಎಣಿಸಲು ಹತ್ತುವ ನನ್ನ ತಮ್ಮ. ಆದರೂ ಯಾರೂ ಬೇಡ ಅನ್ನಲಿಲ್ಲ. ಪಿಯುಸಿಯಲ್ಲಿ ಗಣಿತ, ಫಿಸಿಕ್ಸ್ ಇದ್ದವು, ಅಂಕಗಳೂ ಇದ್ದವು. ಉಳಿದದ್ದು ಪೈಲಟ್ ಲೈಸೆನ್ಸ್ ಕೊಡುವ ಡಿಜಿಸಿಎಯ ಮೆಡಿಕಲ್. ಅದರಲ್ಲೂ ಕಣ್ಣು.

ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೆ? ಕೆಎಎಸ್‌ನಿಂದ ಪೊಲೀಸ್ ಕಾನ್‌ಸ್ಟೆಬಲ್‌ವರೆಗೆ ಎಲ್ಲದಕ್ಕೂ ಧಾರವಾಡದಲ್ಲಿ ಕೋಚಿಂಗ್ ಕ್ಲಾಸುಗಳಿವೆ. ಕಣ್ಣಿಗೊಂದು ಕ್ಲಾಸನ್ನು ಮಾತ್ರ ಯಾರೂ ತೆಗೆದಂತಿಲ್ಲ. ಆ ಕೊರತೆಯನ್ನು ನಮ್ಮ ಮನೆಯವರು ತುಂಬಿದರು. ಅವ್ವ ದಿನಾ ಹೊನಗನ್ನೆ ಸೊಪ್ಪಿನ ಪಲ್ಯ ಶುರುಮಾಡಿದಳು. ಅಕ್ಕ ಗಜ್ಜರಿ ಹೆರೆದು ಹೆರೆದು ಡಬ್ಬಿಗೆ ತುಂಬಿದಳು. ನೆತ್ತಿಗೆ ಹರಳೆಣ್ಣೆ ಬಿತ್ತು. ರಾತ್ರಿ ಎಂಟಕ್ಕೆ ಮೊಬೈಲು ದೇವರ ಜಗುಲಿಯ ಮೇಲೆ ಹೋಗಿ ಕೂರತೊಡಗಿತು.

ಗಜ್ಜರಿಯ ಕೀರ್ತಿಯಲ್ಲಿ ಅರ್ಧ ಯುದ್ಧಕಾಲದ ಗಾಳಿಸುದ್ದಿ. ಎರಡನೇ ಮಹಾಯುದ್ಧದಲ್ಲಿ ಜಾನ್ ಕನಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಪೈಲಟ್ ಕತ್ತಲಲ್ಲೇ ಜರ್ಮನ್ ವಿಮಾನಗಳನ್ನು ಹೊಡೆದುರುಳಿಸುತ್ತಿದ್ದ. ಅವನು ಗಜ್ಜರಿ ತಿನ್ನುತ್ತಾನೆ, ಅದಕ್ಕೇ ಬೆಕ್ಕಿನ ಕಣ್ಣು ಬಂದಿದೆ ಎಂದು ಸುದ್ದಿ ಹಬ್ಬಿಸಿದರು. ನಿಜಸಂಗತಿ ಏನೆಂದರೆ ವಿಮಾನದಲ್ಲಿ ರೇಡಾರ್ ಇತ್ತು, ಅದನ್ನು ಶತ್ರುವಿಗೆ ಹೇಳುವಂತಿರಲಿಲ್ಲ. ‘ಎ’ ಜೀವಸತ್ವ ಕಡಿಮೆ ಇದ್ದವರಿಗೆ ಗಜ್ಜರಿಯಿಂದ ಉಪಯೋಗ ಉಂಟು. ಚಷ್ಮಾದ ನಂಬರನ್ನು ಅದು ಇಳಿಸುವುದಿಲ್ಲ. ಇಷ್ಟನ್ನೂ ನಾನು ಅಕ್ಕನಿಗೆ ಬಿಡಿಸಿ ಹೇಳಿದೆ. “ರೇಡಾರ್ ನಮ್ಮ ಕಡೆ ಇಲ್ಲಲ್ಲಾ, ಗಜ್ಜರಿನಾದ್ರೂ ತಿನ್ಲಿ ಬಿಡು” ಅಂದಳು.

ಮಧ್ಯೆ ಅವ್ವ ಕದರಮಂಡಲಗಿಗೆ ಹೋಗಿ ಕಾಂತೇಶನಿಗೆ ಬೇಡಿಕೊಂಡು ಬಂದಳು. ಹಾರುವ ವಿದ್ಯೆಗೆ ಆಂಜನೇಯನಿಗಿಂತ ದೊಡ್ಡ ಗುರು ಯಾರಿದ್ದಾರೆ? ಅದೂ ಕಾಂತೇಶನ ಕಣ್ಣಲ್ಲಿ ಸಾಲಿಗ್ರಾಮವಿದೆ ಎಂದು ಭಕ್ತರ ನಂಬಿಕೆ. ಆದರೆ ಒಂದು ಮಾತು ನನ್ನ ತುದಿನಾಲಗೆಗೆ ಬಂದು ನಿಂತಿತ್ತು. ಕೆಂಪಗೆ ಕಂಡದ್ದನ್ನೆಲ್ಲ ಹಣ್ಣೆಂದು ತಿಳಿದು ಸೂರ್ಯನ ಕಡೆಗೇ ಜಿಗಿದವನು ಆತ. ಇವತ್ತಿನ ಡಿಜಿಸಿಎ ಆಗಿದ್ದರೆ ಆ ಒಂದು ಟೇಕಾಫಿಗೇ ಲೈಸೆನ್ಸ್ ಕಸಿದುಕೊಳ್ಳುತ್ತಿತ್ತು. ಅವ್ವನ ಮುಂದೆ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ.

ತಾಪತ್ರಯ ಶುರುವಾದದ್ದು ಕಣ್ಣಿನ ಡಾಕ್ಟರರು ಆಡಿದ ಒಂದು ಮಾತಿನಿಂದ. ಕೆಂಪು-ಹಸಿರು ಗುರುತು ಸಿಗದ ಬಣ್ಣಗುರುಡು ಹೆಚ್ಚಾಗಿ ಗಂಡಸರಿಗೇ ಬರುತ್ತದೆ, ಬರುವುದು ತಾಯಿಯ ಕಡೆಯಿಂದ ಅಂದರು. ಗಂಡುಮಗನಿಗೆ ಎಕ್ಸ್ ಕ್ರೋಮೋಸೋಮ್ ಇರುವುದು ಒಂದೇ, ಅದೂ ತಾಯಿ ಕೊಟ್ಟದ್ದು. ತಾಯಿಗೆ ಎಲ್ಲ ಬಣ್ಣ ಸರಿಯಾಗಿ ಕಂಡರೂ ಮಗನಿಗೆ ಈ ದೋಷ ದಾಟಬಹುದು. ಇದರಲ್ಲಿ ತಂದೆಯದು ಏನೂ ಇಲ್ಲ. ಕೇಳುತ್ತಿದ್ದ ಭಾವನ ಮುಖ ಅರಳಿತು. ಮದುವೆಯಾದಾಗಿನಿಂದ ಹುಡುಗನ ಹಟ, ಉಡಾಫೆ, ಸೊಟ್ಟ ಹಲ್ಲು ಎಲ್ಲವೂ ಅವರ ಮನೆತನದ ಖಾತೆಗೇ ಜಮಾ ಆಗುತ್ತಿದ್ದವು. “ಸೋದರಮಾವಗ ಹೆಂಗೈತಿ ನೋಡಿದ್ರ ಒಂದೀಟು ಗೊತ್ತಾಗತೈತಿ ಅಲ್ರಿ, ಡಾಕ್ಟರ್?” ಎಂದು ತಾವೇ ಕೇಳಿದರು.

ಡಾಕ್ಟರು ಹೌದು ಅಂದರು. ಎಲ್ಲರೂ ನನ್ನ ಕಣ್ಣುಗಳನ್ನು ನೋಡಿದರು.

“ಮೊದಲ ನಿಂದು ತೋರಿಸ್ಕೊಂಡ ಬಾ, ಆಮ್ಯಾಲ ಹುಡುಗಂದು” ಎಂದು ಅವ್ವ ತೀರ್ಪು ಕೊಟ್ಟಳು. ಈ ಸುದ್ದಿ ನಾನು ಅಂಗಡಿ ಮುಟ್ಟುವ ಮೊದಲೇ ಮಾರ್ಕೆಟ್ ಮುಟ್ಟಿತ್ತು. ಬೇರೆ ಊರಿನಲ್ಲಿ ಬಣ್ಣಗುರುಡೆಂದರೆ ಒಂದು ದೋಷ. ಬ್ಯಾಡಗಿಯ ದಲಾಲನಿಗೆ ಅದು ದಿವಾಳಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನನ್ನ ಕಂಡು ಸೆರಗಿನಲ್ಲಿ ನಕ್ಕರು. ಹಮಾಲಿಯೊಬ್ಬ ಹಸಿರು ಟವೆಲ್ ಎತ್ತಿ “ಸಾವಕಾರ್ರ, ಇದ್ಯಾವ ಬಣ್ಣರಿ?” ಅಂದ. ಹೋದ ವರ್ಷದ ರೈತರೊಬ್ಬರು ಬಂದು ಎದುರಿಗೇ ಕೂತು, “ನಮ್ಮ ಡಬ್ಬಿ ಕಾಯಿಗೆ ಕಡ್ಡಿ ರೇಟ್ ಕೊಡ್ಸಿದ್ರಲ್ಲಾ, ಅದು ಇದಕ್ಕ ಏನ್ರಿ?” ಎಂದು ವಿನಯದಿಂದಲೇ ಕೇಳಿದರು. ದಪ್ಪ ಮೋಟು ಕಾಯಿ ಡಬ್ಬಿ, ಉದ್ದ ಸುಕ್ಕು ಕಾಯಿ ಕಡ್ಡಿ. ಬಣ್ಣ ಕಾಣದವನಿಗೂ ಈ ಆಕಾರ ಕಾಣುತ್ತದೆ ಎಂದು ವಾದಿಸಬಹುದಿತ್ತು. ವಾದಿಸಿದರೆ ಬಣ್ಣ ಕಾಣುವುದಿಲ್ಲ ಎಂದು ಒಪ್ಪಿಕೊಂಡಂತೆ. ಚಹಾ ತರಿಸಿದೆ.

ಪರೀಕ್ಷೆಯ ಪುಸ್ತಕ ಜಪಾನಿನದು. ಟೋಕಿಯೋದ ಶಿನೊಬು ಇಷಿಹಾರ 1917ರಲ್ಲಿ ಪ್ರಕಟಿಸಿದ್ದು. ಪುಟದ ತುಂಬ ಬಣ್ಣಬಣ್ಣದ ಚುಕ್ಕೆ, ಚುಕ್ಕೆಗಳ ನಡುವೆ ಅಂಕಿ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಬಣ್ಣಗುರುಡಿದ್ದವರಿಗೂ. ಅಲ್ಲೇ ಕಾಣಲಿಲ್ಲ ಅಂದರೆ ನಾಟಕ ಎಂದು ಅರ್ಥ. ಆಮೇಲಿನ ಪುಟಗಳಲ್ಲಿದೆ ಮೋಸ: ನೆಟ್ಟಗಿನ ಕಣ್ಣಿಗೆ 8 ಕಂಡಲ್ಲಿ ಬಣ್ಣಗುರುಡಿಗೆ 3, 74 ಕಂಡಲ್ಲಿ 21. ಇನ್ನೂ ಕೆಲವು ಪುಟಗಳಲ್ಲಿ ಬಣ್ಣಗುರುಡಿದ್ದವರಿಗೆ ಅಂಕಿ ಕಾಣುತ್ತದೆ, ಉಳಿದವರಿಗೆ ಏನೂ ಕಾಣುವುದಿಲ್ಲ. ಏನೂ ಕಾಣದವನೇ ಪಾಸಾಗುವ ಪರೀಕ್ಷೆ ಇದೊಂದೇ ಇರಬೇಕು. 75 ಸೆಂಟಿಮೀಟರ್ ದೂರ, ಹಗಲಿನಂಥ ಬೆಳಕು, ಪುಟಕ್ಕೆ 3 ಸೆಕೆಂಡ್. ಕಾಣಬೇಕಾದ ಅಂಕಿಗಳನ್ನು ನಾನು ಒಂದೂ ಬಿಡದೆ ಓದಿದೆ. 74 ಬಂದಾಗ ಪಕ್ಕದ ಕೋಣೆಗೂ ಕೇಳುವಂತೆ ಓದಿದೆ. ಸರಿಯಿದೆ ಎಂದು ಒಂದು ಚೀಟಿ ಬರೆಸಿಕೊಂಡು, ಗಾಜು ಹಾಕಿಸಿ, ಅಂಗಡಿಯಲ್ಲಿ ಲಕ್ಷ್ಮಿಯ ಫೋಟೋದ ಪಕ್ಕ ತೂಗುಹಾಕಿದ್ದೇನೆ. ಇಡೀ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಸರ್ಟಿಫಿಕೇಟ್ ಇರುವ ದಲಾಲ ನಾನೊಬ್ಬನೇ.

ಇಷ್ಟಾದ ಮೇಲೆ ಡಾಕ್ಟರು ತಣ್ಣಗೆ ಇನ್ನೊಂದು ಮಾತು ಹೇಳಿದರು. ಸೋದರಮಾವನದು ಸರಿ ಇದ್ದ ಮಾತ್ರಕ್ಕೆ ಅಳಿಯನದು ಸರಿ ಎಂದೇನಿಲ್ಲ. ನಮ್ಮವ್ವನಲ್ಲಿ ಆ ದೋಷ ಅಡಗಿದ್ದರೆ ನನ್ನನ್ನು ಬಿಟ್ಟು ಅಕ್ಕನ ಕಡೆ ಹೋಗಿರಬಹುದು. ಈಗ ಸಂಶಯ ಅವ್ವನ ಮೇಲೆ. “ನಮ್ಮ ರಾಣೆಬೆನ್ನೂರಾಗ ಎಲ್ಲಾರಿಗೂ ಎಲ್ಲಾ ಬಣ್ಣ ಕಾಣ್ತಾವ” ಎಂದು ಅವಳು ತವರಿನ ಪರ ಒಂದು ವಾರ ವಕಾಲತ್ತು ಮಾಡಿದಳು.

ಅಳಿಯ ಇದಾವುದಕ್ಕೂ ಕಿವಿಗೊಡದೆ ಇಷಿಹಾರ ಪುಸ್ತಕವನ್ನು ಮೊಬೈಲಿನಲ್ಲಿ ತೆಗೆದು ಉರುಹೊಡೆಯುತ್ತಿದ್ದ. “ಹನ್ನೆರಡು, ಎಂಟು, ಆರು, ಇಪ್ಪತ್ತೊಂಬತ್ತು, ಐವತ್ತೇಳು...” ಅವ್ವ ಬೆರಳು ಮಡಚಿ ಎಣಿಸಿ “ಇದ್ಯಾವ ಮಗ್ಗಿನೋ?” ಅಂದಳು. ಪುಟಗಳನ್ನು ಹಿಂದುಮುಂದು ಮಾಡಿ ತೋರಿಸಿದರೆ ಆ ಮಗ್ಗಿ ಅಲ್ಲಿಗೇ ಮುಗಿಯಿತು. ಅದಲ್ಲದೆ ಮೊಬೈಲಿನ ಬಣ್ಣ ನಂಬುವಂಥದ್ದಲ್ಲ. ಅದರಲ್ಲಿ ನಮ್ಮ ಕಾಯಿಯ ಫೋಟೋ ಕಳಿಸಿ ವ್ಯಾಪಾರ ಮಾಡಿದವರನ್ನು ಕೇಳಿ, ಹೇಳುತ್ತಾರೆ.

ಪುಸ್ತಕಕ್ಕೂ ಹಿಂದಿನ ಪರೀಕ್ಷೆ ನನಗೆ ಹೆಚ್ಚು ಇಷ್ಟ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲು ಡಿಕ್ಕಿ ಹೊಡೆದವು. ಚಾಲಕನಿಗೆ ಸಿಗ್ನಲ್ಲಿನ ಬಣ್ಣ ತಿಳಿಯದೇ ಹೋಗಿರಬೇಕೆಂದು ಹೋಮ್‌ಗ್ರೆನ್ ಎಂಬ ವಿಜ್ಞಾನಿ ಅನುಮಾನಿಸಿ, ಬಣ್ಣದ ಉಣ್ಣೆಯ ಲಡಿಗಳನ್ನು ರಾಶಿ ಹಾಕಿ, ಹೊಂದುವುದನ್ನು ಆರಿಸಲು ರೈಲ್ವೆ ನೌಕರರಿಗೆ ಹಚ್ಚಿದ. ನಮ್ಮ ಮೆಡ್ಲೇರಿಯ ಕಂಬಳಿಯ ಉಣ್ಣೆ ಹಾಕಿದ್ದರೆ ಎಲ್ಲರೂ ಪಾಸು, ಇರುವುದೊಂದೇ ಕರಿ. ನಮ್ಮೂರಲ್ಲಾದರೆ ಹೆಣ್ಣುಮಕ್ಕಳು ಬಿಳಿಚಿದ ಕಾಯಿ, ಕಪ್ಪಾದ ಕಾಯಿ ಬೇರೆ ಮಾಡುತ್ತ ದಿನವಿಡೀ ಆ ಪರೀಕ್ಷೆ ಪಾಸಾಗುತ್ತಲೇ ಇರುತ್ತಾರೆ. ಅವರಿಗೆ ಲೈಸೆನ್ಸ್ ಕೊಡುವವರಿಲ್ಲ, ಕೂಲಿ ಮಾತ್ರ.

ಪೈಲಟ್ಟಿಗೇಕೆ ಇಷ್ಟೊಂದು ಬಣ್ಣದ ಪಂಚಾಯ್ತಿ? ಅಳಿಯನೇ ವಿವರಿಸಿದ. ವಿಮಾನದ ಎಡರೆಕ್ಕೆಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು. ರಾತ್ರಿ ಎದುರಿನ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ಅದರಿಂದಲೇ ತಿಳಿಯಬೇಕು. ರನ್‌ವೇ ಪಕ್ಕದಲ್ಲಿ ಸಾಲಾಗಿ 4 ದೀಪ: ಎರಡು ಬಿಳಿ ಎರಡು ಕೆಂಪು ಕಂಡರೆ ಸರಿಯಾಗಿ ಇಳಿಯುತ್ತಿದ್ದೀರಿ, ನಾಲ್ಕೂ ಬಿಳಿಯಾದರೆ ತೀರ ಮೇಲಿದ್ದೀರಿ, ನಾಲ್ಕೂ ಕೆಂಪಾದರೆ ತೀರ ಕೆಳಗೆ. ರಾಶಿ ಪೂರ್ತಿ ಕೆಂಪಗಿದ್ದಷ್ಟೂ ಖುಷಿಪಡುವ ನಮ್ಮಂಥವರು ವಿಮಾನ ನಡೆಸದಿರುವುದೇ ಒಳ್ಳೆಯದು.

ಇನ್ನು ಅಳಿಯನ ಚಷ್ಮಾ. ಚಷ್ಮಾ ಇದ್ದವರು ಪೈಲಟ್ ಆಗುವಂತಿಲ್ಲ ಎಂದು ಊರಿಗೆ ಊರೇ ನಂಬಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಹಾಗೇನಿಲ್ಲ. ಚಷ್ಮಾ ಹಾಕಿಕೊಂಡೇ ಆಗಲಿ ಒಂದೊಂದು ಕಣ್ಣಿಗೆ 6/9, ಎರಡೂ ಸೇರಿ 6/6 ಬರಬೇಕು. ಹತ್ತಿರದ ಸಣ್ಣ ಅಕ್ಷರ ಓದಬೇಕು. ಹಾರುವಾಗ ಇನ್ನೊಂದು ಚಷ್ಮಾ ಜೊತೆಗಿರಬೇಕು. ಇದು ತಿಳಿಯುವ ಮೊದಲೇ ಅಳಿಯ ಕಾಂಟ್ಯಾಕ್ಟ್ ಲೆನ್ಸ್ ತರಿಸಿದ್ದ. ಅಂಗಡಿಯಲ್ಲಿ ಕಾಯಿಯ ಚೀಲಕ್ಕೆ ಕೈಹಚ್ಚಿ, ಸಾಬೂನಿನಿಂದ ತೊಳೆದುಕೊಂಡೇ ಲೆನ್ಸ್ ಹಾಕಿದ. ನಮ್ಮ ಕಾಯಿಗೆ ಖಾರ ಕಡಿಮೆ ಎಂದು ಮೇಲೆ ಬರೆದಿದ್ದೇನೆ. ಅದು ನಾಲಗೆಯ ಲೆಕ್ಕ. ಅವನು ಕೂಗಿದ ಕೂಗಿಗೆ ಓಣಿಯಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿ ನಿಂತಿತು. ಕೆಂಪು ಇಳಿಯುವವರೆಗೆ ಪರೀಕ್ಷೆಯ ದಿನ ಮುಂದೆ ಹಾಕಬೇಕಾಯಿತು.

ಕೊನೆಗೆ ಅವನಿಗೆ ಮೊದಲ ಮೆಟ್ಟಿಲಾದ ಕ್ಲಾಸ್ 2 ಮೆಡಿಕಲ್ ಆಯಿತು, ಚಷ್ಮಾ ಸಮೇತ. ಬಣ್ಣ ಪೂರ್ತಿ ಸರಿ. ರಾಣೆಬೆನ್ನೂರಿನ ಮರ್ಯಾದೆ ಉಳಿಯಿತು, ಭಾವ ಮತ್ತೆ ಸುಮ್ಮನಾದರು. ಇನ್ನು ಕಮರ್ಷಿಯಲ್ ಪೈಲಟ್ಟಿಗೆ ಬೇಕಾದ ಕ್ಲಾಸ್ 1. ಅದಕ್ಕೆ ಬೆಂಗಳೂರಿನ ವಿಮಾನಪುರದಲ್ಲಿರುವ, 1957ರಿಂದ ಹಾರುವವರ ದೇಹವನ್ನು ಪರೀಕ್ಷಿಸುತ್ತ ಬಂದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋಗುತ್ತಾನಂತೆ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಎಲ್ಲ ಮಂಜು, ಜೊತೆಗೊಬ್ಬರು ಬೇಕು. ಸರ್ಟಿಫೈಡ್ ಕಣ್ಣಿರುವ ಮಾವನೇ ಬರಲಿ ಎಂದು ಮನೆಯಲ್ಲಿ ತೀರ್ಮಾನವಾಗಿದೆ.

ನಿಮ್ಮ ಮನೆಯಲ್ಲೂ ಹಾರುವ ಹುಚ್ಚಿನ ಹುಡುಗ ಹುಡುಗಿ ಇದ್ದರೆ ಒಂದು ಮಾತು ಕೇಳಿ. ಪೈಲಟ್ ತರಬೇತಿ ಎಂದರೆ ಹತ್ತಾರು ಲಕ್ಷದ ಬಾಬತ್ತು. ಇಷಿಹಾರ ಪುಸ್ತಕ ತಿರುವಿಹಾಕಲು ಕಣ್ಣಿನ ಡಾಕ್ಟರರಿಗೆ ಬೇಕಾಗುವುದು ಐದು ನಿಮಿಷ. ಹೊಲ ಒತ್ತೆಯಿಟ್ಟು ಫೀಸು ತುಂಬುವ ಮೊದಲು ಆ ಐದು ನಿಮಿಷ ಹೋಗಿ ಕೂತು ಬನ್ನಿ, ಆಮೇಲೆ ಮೆಡಿಕಲ್ ಮಾಡಿಸಿ, ಆಮೇಲೆ ಫೀಸು. ಹೋಗುವ ಮುನ್ನ ಕೈ ಚೆನ್ನಾಗಿ ತೊಳೆದುಕೊಳ್ಳಿ.