ತೂಕದ ಪೇಟೆಯಲ್ಲಿ ಒಬ್ಬ ಭಾರೀ ಮನುಷ್ಯ

ತೂಕ ಇಳಿಸಿಕೊಳ್ಳಬೇಕೆನ್ನುವವನು ವಾಸ ಮಾಡಬಾರದ ಜಿಲ್ಲೆ ಯಾವುದಾದರೂ ಇದ್ದರೆ ಅದು ಹಾವೇರಿ. ಇಲ್ಲಿ ತೂಕ ಕಡಿಮೆ ಬಂತೆಂದರೆ ನಡುವೆ ಯಾರೋ ಕೈ ಹಾಕಿದ್ದಾರೆ ಎಂದೇ ಲೆಕ್ಕ. ಗೋವಿನಜೋಳದವನಿರಲಿ, ಹತ್ತಿಯವನಿರಲಿ, ಮೆಣಸಿನಕಾಯಿಯವನಿರಲಿ, ಕಾಟಾ ಮೇಲೇರಲಿ ಎಂದೇ ದೇವರಿಗೆ ಕೈ ಮುಗಿಯುತ್ತಾನೆ. ದೀಪಾವಳಿ ಬಂದರೆ ಹೋರಿ ಹಬ್ಬ. ಮೈತುಂಬ ಕೊಬ್ಬರಿ ಸರ ಕಟ್ಟಿಸಿಕೊಂಡು ಓಡಬೇಕಾದ ಹೋರಿಗೆ ತಿಂಗಳುಗಟ್ಟಲೆ ಹುರುಳಿ, ಹತ್ತಿಕಾಳು, ಹಿಂಡಿ ಇಕ್ಕಿ ಸಾಕುತ್ತಾರೆ. ನಮ್ಮ ಓಣಿಯ ಹೋರಿ ಮೈ ತುಂಬಿಕೊಂಡರೆ ಓಣಿಗೆಲ್ಲ ಹೆಮ್ಮೆ. ನಾನು ತುಂಬಿಕೊಂಡದ್ದಕ್ಕೆ ಒಂದು ಬಟ್ಟಲು ಕೊಬ್ಬರಿಯನ್ನೂ ಯಾರೂ ಕಟ್ಟಲಿಲ್ಲ. ಹಾವೇರಿಯಲ್ಲಿ ಹಗುರಾದದ್ದು ಎಂದರೆ ಏಲಕ್ಕಿ ಹಾರ ಒಂದೇ. ಅದನ್ನೂ ಭಾರೀ ಮನುಷ್ಯರಿಗೇ ಹಾಕುತ್ತಾರೆ.

ನನ್ನ ಮನೆ ಹಾವೇರಿ, ಅನ್ನ ಬ್ಯಾಡಗಿ, ಬೀಗರು ರಾಣೆಬೆನ್ನೂರು. ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಊರವರ ತೂಕ ಬರೆಯುವ ಕೆಲಸ. ನನ್ನದು 128 ಕಿಲೋ ಮುಟ್ಟಿ, ಮೊಣಕಾಲು ಮುಷ್ಕರ ಹೂಡಿ, ಸಕ್ಕರೆ ಕಾಯಿಲೆಯ ಗುಳಿಗೆ ಒಂದರಿಂದ ಮೂರಾಗಿ, ಗೊರಕೆಯ ನಡುವೆ ಉಸಿರೇ ನಿಂತಂತಾಗಿ ಮನೆಯವಳು ರಾತ್ರಿಯೆಲ್ಲ ಎದ್ದು ಕೂರುವಂತಾದಾಗ ಹುಬ್ಬಳ್ಳಿಯ ದಾರಿ ಹಿಡಿದೆವು. ಡಾಕ್ಟರರು ಬೇರಿಯಾಟ್ರಿಕ್ ಸರ್ಜರಿ ಎಂದರು. ಅದರಲ್ಲೂ ಸ್ಲೀವ್.

ಈ ಆಪರೇಷನ್ನಿನ ವಿಷಯ ಊರಿಗೆ ತಿಳಿಸುವುದು ಮಾಡಿಸಿಕೊಳ್ಳುವುದಕ್ಕಿಂತ ಕಷ್ಟ. ಹೊಟ್ಟೆ ಕೊಯ್ದು ಕೊಬ್ಬು ಬಳಿದು ಬಕೀಟಿಗೆ ಹಾಕುತ್ತಾರೆ ಎಂದೇ ಎಲ್ಲರ ಕಲ್ಪನೆ. ಆಸ್ಪತ್ರೆಗೆ ನೋಡಲು ಬಂದ ರಾಣೆಬೆನ್ನೂರಿನ ಷಡ್ಡಕ ಮಂಚದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: "ತಗದಾರ ಅಂತೀರಿ, ಎಲ್ಲಿ ತಗದಾರ್ರೀ? ಇದ್ದಂಗ ಐತಲ್ಲ!"

ಕೊಬ್ಬಿಗೆ ಯಾರೂ ಕೈ ಹಚ್ಚಿರಲಿಲ್ಲ. ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಉದ್ದನೆಯ ಕೊಳವೆ ಮಾಡಿ ಹೊಲಿಯುತ್ತಾರೆ. ತೆಗೆದ ಭಾಗ ತೂಗಿದರೆ ಪಾವು ಕಿಲೋ ಸಹ ಆಗದು. ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ, ಅದು ಹೋದರೆ ಹಸಿವೆಯೂ ತಗ್ಗುತ್ತದೆ. ಕೊಬ್ಬು ಕರಗಿಸುವ ಕೆಲಸ ಮಾತ್ರ ನಮ್ಮ ಪಾಲಿಗೇ ಉಳಿಯುತ್ತದೆ. ಇಷ್ಟನ್ನು ನಾನು ವಿವರಿಸಿದ ಮೇಲೆ ಷಡ್ಡಕರು, "ಅಂದ್ರ ಲಕ್ಷಗಟ್ಟಲೆ ರೊಕ್ಕಾ ಕೊಟ್ಟು ಪಾವು ಕಿಲೋ ಇಳಿಸಿದ್ರಿ" ಎಂದು ಲೆಕ್ಕ ಮುಗಿಸಿದರು. ನಾನು ಗಡ್ಕರಿಯವರನ್ನು ಮುಂದೆ ಮಾಡಿದೆ. ದೇಶದ ಹೆದ್ದಾರಿ ಅಗಲ ಮಾಡಿದ ಮಂತ್ರಿ 2011ರಲ್ಲಿ ಇದೇ ಬಗೆಯ ಆಪರೇಷನ್ ಮಾಡಿಸಿಕೊಂಡು ತಾವು ಕಿರಿದಾದರು. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೆ ನಮ್ಮ ಪೇಟೆಯಲ್ಲಿ ಮೆಣಸಿನಕಾಯಿ ಸೇರಿಸಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಮೊದಲ ವಾರಗಳಲ್ಲಿ ತೂಕ ಸರಸರನೆ ಇಳಿಯಿತು. ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ. ಪ್ಯಾಂಟು ಬೆಲ್ಟಿನ ಮಾತು ಕೇಳದಾಯಿತು. ಆಮೇಲೆ ಒಂದು ದಿನ ಮುಳ್ಳು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ದಿನಕ್ಕೆ ಗಿಣಿಯಷ್ಟು ತಿನ್ನುವವನ ತೂಕ ಆನೆಯ ಹಾಗೆ ಕೂತುಬಿಟ್ಟರೆ ವಿಜ್ಞಾನದ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆ. ಆಹಾರ ತಜ್ಞೆಗೆ ಫೋನ್ ಮಾಡಿದೆ. ಆಕೆಗೆ ಇದು ನಿತ್ಯದ ದೂರು. ಮೊದಲು ಇಳಿದದ್ದರಲ್ಲಿ ನೀರೇ ಹೆಚ್ಚು ಎಂದರು. ದೇಹ ಕೂಡಿಟ್ಟ ಗ್ಲೈಕೋಜನ್ ಒಂದು ಗ್ರಾಂ ಇದ್ದರೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ. ಬಳಿಕ ದೇಹಕ್ಕೆ ಬರಗಾಲ ಬಂದಿದೆ ಎಂಬ ಅನುಮಾನ ಹುಟ್ಟಿ ಖರ್ಚು ಬಿಗಿ ಮಾಡುತ್ತದೆ. ಮೂರನೇ ವಾರದ ಹೊತ್ತಿಗೆ ಬಹಳ ಜನರ ಕಾಟಾ ಹೀಗೆ ನಿಲ್ಲುತ್ತದಂತೆ, ಮುಂದೆಯೂ ಆಗಾಗ ನಿಲ್ಲುತ್ತದಂತೆ. ಇಳಿಕೆ ಒಂದರಿಂದ ಒಂದೂವರೆ ವರ್ಷ ನಡೆಯಬೇಕಾದ ಬಾಬತ್ತು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್ನಷ್ಟು ನಿಧಾನ. ನಾನು ಎರಡೂ ಪಟ್ಟಿಯಲ್ಲಿದ್ದೆ.

ಬಾಬತ್ತು ನನಗೆ ಅರ್ಥವಾಯಿತು, ಊರಿಗೆ ಆಗಬೇಕಲ್ಲ? ಹಾವೇರಿಯ ಕಿರಾಣಿ ಅಂಗಡಿಯಿಂದ ಬ್ಯಾಡಗಿಯ ಯಾರ್ಡಿನವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟಾತ್ರೀ?" ರಾಣೆಬೆನ್ನೂರಿಗೆ ಹಬ್ಬಕ್ಕೆ ಹೋದಾಗ ನಾದಿನಿ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ತಂದಿಟ್ಟಳು. ಕಾಲು ರೊಟ್ಟಿ, ಎರಡು ಚಮಚ ಮಡಕಿಕಾಳಿನ ಪಲ್ಲೆಗೇ ನನ್ನ ಕೊಳವೆ ತುಂಬಿತ್ತು. ಸಾಕೆಂದೆ. "ಭಾವಾರಿಗೆ ನಮ್ಮನಿ ಊಟ ಸೇರಲಿಲ್ಲ" ಎಂದು ಆಕೆ ಮುಖ ಸಣ್ಣದು ಮಾಡಿದಳು. "ಹಂಗಲ್ಲವಾ, ನನ್ನ ಹೊಟ್ಟಿ ಸಣ್ಣದಾಗೇತಿ" ಎಂದೆ. ಆಕೆ ಒಮ್ಮೆ ನನ್ನ ಹೊಟ್ಟೆಯ ಕಡೆ ನೋಡಿದಳು. ನಂಬಲಿಲ್ಲ.

ಮರುದಿನ ಷಡ್ಡಕರು ವಾಕಿಂಗ್ ಎಂದು ಕೃಷ್ಣಮೃಗಗಳ ಅಭಯಾರಣ್ಯದ ಕಡೆ ಕರೆದೊಯ್ದರು. 1974ರಲ್ಲಿ ಘೋಷಣೆಯಾದ ಅಭಯಾರಣ್ಯ; ನನಗಿಂತ ಅದರೊಳಗಿನ ಪ್ರಾಣಿಗಳು ಆರೋಗ್ಯವಾಗಿವೆ. ದೂರದಲ್ಲಿ ಒಂದು ಗಂಡು ಕತ್ತೆತ್ತಿ ನಿಂತಿತ್ತು. ನಲವತ್ತು ಕಿಲೋ ಆಸುಪಾಸು ಇದ್ದೀತು. ನಾನು ಮೈಯಿಂದ ಇಳಿಸಬೇಕಾದದ್ದು ಅಂಥದ್ದೇ ಒಂದು ಪೂರ್ತಿ ಮೃಗ, ಕೊಂಬು ಸಮೇತ. ಆ ಹೊತ್ತಿಗೆ ಹಿಂಗಾಲೆರಡು ಮಾತ್ರ ಇಳಿದಿದ್ದವು.

ಬ್ಯಾಡಗಿಯದು ಬೇರೆಯೇ ಕಥೆ. ಆ ಪೇಟೆಯಲ್ಲಿ ಚಹಾ ಒಲ್ಲೆ ಎಂದರೆ ವ್ಯವಹಾರ ಒಲ್ಲೆ ಎಂದಂತೆ. ರೈತ ಬಂದರೆ ಚಹಾ, ಖರೀದಿದಾರ ಬಂದರೆ ಚಹಾ, ಟೆಂಡರ್ ದರ ಬಿದ್ದರೆ ಚಹಾ, ಏರಿದರೆ ಕೇಳುವುದೇ ಬೇಡ. ಹೊಟ್ಟೆ ಕೊಳವೆಯಾದವನಿಗೆ ರೊಟ್ಟಿ ತಡೆಯುತ್ತದೆ, ಸಕ್ಕರೆ ಪಾನಕ ಸರಾಗ ಇಳಿದುಹೋಗುತ್ತದೆ. ಆಪರೇಷನ್ನಿಗೆ ಅದರ ಮೇಲೆ ಯಾವ ಹಿಡಿತವೂ ಇಲ್ಲ. ಆಹಾರ ತಜ್ಞೆ ಇದನ್ನು ಹೇಳಿದ ಮೇಲೆ ನಾನು ಸಕ್ಕರೆ ಇಲ್ಲದ ಚಹಾ ಕೇಳತೊಡಗಿದೆ. ಚಹಾದ ಹುಡುಗ ಅದನ್ನು ಇಡೀ ಸಾಲಿಗೆ ಕೇಳುವಂತೆ ಕೂಗಿ ಹೇಳುತ್ತಾನೆ.

ಸೋಮವಾರದ ದೊಡ್ಡ ಪೇಟೆ ಮುಗಿದು ಚೀಲ ತೂಗುವಾಗ ಹಮಾಲರು ನನ್ನನ್ನೂ ಕಾಟಾ ಹತ್ತಿಸುತ್ತಿದ್ದರು. ಅಲ್ಲಿ ನನ್ನ ತೂಕ ಗುಟ್ಟಿನ ವಿಷಯವಾಗಿ ಉಳಿದಿರಲೇ ಇಲ್ಲ. ಒಬ್ಬ ಓದಿದರೆ ಇನ್ನೊಬ್ಬ ಲಾಟ್ ನಂಬರ್ ಕೂಗಿದಂತೆ ಕೂಗುವನು. ನಮ್ಮ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಜಾತಿ: ಡಬ್ಬಿ ಗುಂಡಗೆ, ಕಡ್ಡಿ ತೆಳ್ಳಗೆ ಉದ್ದಕ್ಕೆ. "ಅಣ್ಣಾರು ಡಬ್ಬಿಯಿಂದ ಕಡ್ಡಿ ಆಗಾಕ ಹತ್ಯಾರ" ಎಂದು ಮೊದಲ ವಾರಗಳಲ್ಲಿ ಪೇಟೆಯೆಲ್ಲ ನಕ್ಕಿತ್ತು. ಮುಳ್ಳು ನಿಂತ ಮೇಲೆ ನಾನೇ ದಿನಕ್ಕೆರಡು ಸಲ ಹೋಗಿ ಹತ್ತತೊಡಗಿದೆ. ಒಂದು ಸಂಜೆ ಹಿರಿಯ ಹಮಾಲರೊಬ್ಬರಿಗೆ ತಡೆಯಲಾಗಲಿಲ್ಲ. ಕೈಯಲ್ಲಿ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. "ಹಸಿ ಕಾಯಿ ತೂಕ ಬರ್ತೈತಿ, ದರ ಬರೂದಿಲ್ಲ. ಒಣಗಿದ್ದು ತೂಕ ಕಳಕೊಂತೈತಿ, ದರ ತರತೈತಿ. ಬಿಸಲಾಗ ಹರವಿ ಸುಮ್ಮನಿರಬೇಕ್ರೀ ಅಣ್ಣಾರ. ತಾಸಿಗೊಮ್ಮೆ ಕಾಟಾಕ್ಕ ಹಾಕಿದ್ರ ಒಣಗ್ತಾವೇನು?" ನನ್ನ ಹುಬ್ಬಳ್ಳಿಯ ಫೈಲಿನಲ್ಲಿ ಇಷ್ಟು ಸ್ಪಷ್ಟವಾದ ಸಲಹೆ ಇನ್ನೊಂದಿಲ್ಲ. ಅಂದಿನಿಂದ ಕಾಟಾ ಹತ್ತುವುದು ತಿಂಗಳಿಗೊಮ್ಮೆ.

ಕಾಟಾ ಬಿಟ್ಟ ಮೇಲೆ ಬೇರೆ ಅಳತೆಗಳು ಕಣ್ಣಿಗೆ ಬಿದ್ದವು. ಸಕ್ಕರೆಯ ಗುಳಿಗೆ ಮೂರರಿಂದ ಅರ್ಧಕ್ಕೆ ಇಳಿದಿತ್ತು. ಈ ಆಪರೇಷನ್ನಿನಲ್ಲಿ ತೂಕ ಇಳಿಯುವ ಮೊದಲೇ ಹಲವರ ಸಕ್ಕರೆ ಹತೋಟಿಗೆ ಬರುತ್ತದೆ. ಗೊರಕೆ ನಿಂತಿದ್ದರಿಂದ ಮನೆಯವಳಿಗೆ ನಿದ್ದೆ ಹತ್ತಿತು. ಬೂಟಿನ ದಾರ ನಾನೇ ಕಟ್ಟಿಕೊಂಡೆ. ಎಲ್ಲಕ್ಕಿಂತ ದೊಡ್ಡ ಪ್ರಮಾಣಪತ್ರ ಕೊಟ್ಟದ್ದು ಹಾವೇರಿ–ಬ್ಯಾಡಗಿ ಬಸ್ಸು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ನಮ್ಮ ಬಸ್ಸುಗಳಲ್ಲಿ ಒಂದೊಂದು ಇಂಚಿಗೂ ಬೆಲೆ. ಮೂವರ ಸೀಟಿನಲ್ಲಿ ನಾನೊಬ್ಬ ಕೂತರೆ ಮೊದಲೆಲ್ಲ ಎರಡನೆಯವರು ಕಷ್ಟಪಟ್ಟು ಸೇರುತ್ತಿದ್ದರು, ಮೂರನೆಯವರು ಬೈದುಕೊಂಡು ನಿಲ್ಲುತ್ತಿದ್ದರು. ಮೊನ್ನೆ ಮೋಟೆಬೆನ್ನೂರಿನಲ್ಲಿ ಕಾಯಿಪಲ್ಲೆ ಬುಟ್ಟಿ ಹಿಡಿದು ಹತ್ತಿದ ಮುದುಕಿಯೊಬ್ಬಳು ನಮ್ಮ ಸೀಟು ನೋಡಿ, "ಸ್ವಲ್ಪ ಸರೀಪಾ, ಭಾಳ ಜಾಗಾ ಐತಿ" ಎಂದಳು. ಸರಿದೆ. ಕೂತಳು. ಬುಟ್ಟಿಗೂ ಜಾಗವಾಯಿತು.

ಬಿ12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಜೀವಮಾನದುದ್ದಕ್ಕೂ ಇವೆ. ನಡುವೆ ಕೂದಲು ಉದುರಿದ್ದೂ ಆಯಿತು, ಬರುತ್ತದೆ ಎಂದಿದ್ದಾರೆ. ಮೃಗದ ಮುಂಗಾಲು ಇನ್ನೂ ಬಾಕಿ.

ನೀವು ಬ್ಯಾಡಗಿ ಪೇಟೆಗೆ ಬಂದರೆ ಅಂಗಡಿಗೆ ಬರ್ರಿ. ಕಡ್ಡಿಯ ದರ ಕೇಳ್ರಿ, ಡಬ್ಬಿಯ ದರ ಕೇಳ್ರಿ, ಆವಕ ಎಷ್ಟು ಚೀಲ ಎಂದು ಕೇಳ್ರಿ, ಎಲ್ಲವನ್ನೂ ಹೇಳುತ್ತೇನೆ. ನನ್ನ ತೂಕ ಮಾತ್ರ ಕೇಳಬೇಡ್ರಿ. ಚಹಾ ಕುಡಿಸಲೇಬೇಕು ಎನಿಸಿದರೆ ಅರ್ಧ ಕಪ್ಪು, ಸಕ್ಕರೆ ಇಲ್ಲದ್ದು.