ಗಾಳಿ ಯಜಮಾನ್ರು

ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲದ ಜೊತೆಗೆ ಪಾಂಡಿತ್ಯವನ್ನೂ ಸಂಪಾದಿಸಿದವರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಸೀಮೆಯ ಅಡಿಕೆ ತೋಟಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಾಳಿ ಯಜಮಾನ್ರು ಅವರಲ್ಲಿ ಹಿರಿಯರು. ಏಳುನೂರು ಅಡಿ ಹೋದರೂ ಬರೀ ಧೂಳು ಹಾರುತ್ತಿರುವಾಗ ಟವೆಲ್ ಮುಸುಕು ಹಾಕಿಕೊಂಡು ರಿಗ್ ಲಾರಿಯ ಪಕ್ಕ ನಿಂತು, ಕಂಪ್ರೆಸರ್ ಸದ್ದು ಕೇಳಿಯೇ ‘ಇನ್ನೈವತ್ತು ಅಡಿ ಬಿಡ್ರಪ್ಪ’ ಅನ್ನುತ್ತಾರೆ. ನೀರು ಬಂದರೆ ಅವರ ಕಿವಿ. ಬರದಿದ್ದರೆ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನ ತಪ್ಪು.

ಅವರ ವೈದ್ಯದಲ್ಲಿರುವುದು ಒಂದೇ ಮದ್ದು: ಗಾಳಿ ಹೊಡೆಯುವುದು. ಬೋರಿನಲ್ಲಿ ನೀರು ಕಮ್ಮಿಯಾಯಿತೇ? ಫ್ಲಶಿಂಗ್ ಮಾಡಿಸು. ಡ್ರಿಪ್ ಕಟ್ಟಿಕೊಂಡಿತೇ? ಗಾಳಿ ಹೊಡಿ. ಒಂದೂವರೆ ಕೆ.ಜಿ. ಪ್ರೆಶರ್ ಮೀರಬಾರದ ಪಕ್ಕದ ತೋಟದ ಡ್ರಿಪ್ ಪೈಪಿಗೆ ಒಮ್ಮೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿಬಿಟ್ಟರು. ಡ್ರಿಪ್ಪರುಗಳು ಅಡಿಕೆ ಸೋಗೆ ಮುಟ್ಟಿ ಬಂದವು. ‘ಕಸ ಹೋಯ್ತೋ ಇಲ್ವೋ?’ ಎಂದರು. ಹೋಗಿತ್ತು, ಡ್ರಿಪ್ಪರ್ ಸಮೇತ.

ಇಂಥವರಿಗೆ ಅಕ್ಟೋಬರ್ ತಿಂಗಳಲ್ಲಿ ಡೆನ್ವರಿನಿಂದ ತಮ್ಮನ ಮಗ ಫೋನ್ ಮಾಡಿದ.

‘ದೊಡ್ಡಪ್ಪ, ಮನೆ ಮುಂದಿನ ಹುಲ್ಲಿಗೆ ನೆಲದೊಳಗೆ ಸ್ಪ್ರಿಂಕ್ಲರ್ ಪೈಪ್ ಐತೆ. ಚಳಿಗೆ ಅದರಲ್ಲಿರೋ ನೀರು ಹೆಪ್ಪುಗಟ್ಟಿ ಪೈಪ್ ಒಡೀತದೆ. ಗಾಳಿ ಹೊಡೆದು ಖಾಲಿ ಮಾಡ್ಬೇಕಂತೆ. ಯಾವ ಕಂಪ್ರೆಸರ್ ತಗೊಳ್ಲಿ?’

‘ಅಲ್ಲಪ್ಪಾ, ನೀರು ಬರ್ಲಿ ಅಂತ ನಾವು ಗಾಳಿ ಹೊಡಿಸ್ತೀವಿ, ನೀನು ಇರೋ ನೀರನ್ನ ಓಡ್ಸೋಕೆ ಹೊಡಿಸ್ತೀಯಾ?’

ನೀರು ಮಂಜುಗಡ್ಡೆಯಾದರೆ ಶೇಕಡಾ 9ರಷ್ಟು ಹಿಗ್ಗುತ್ತದೆ ಎಂದು ಹುಡುಗ ವಿವರಿಸಿದ. ದೊಡ್ಡಪ್ಪನಿಗೆ ಅದರಲ್ಲಿ ಆಸಕ್ತಿಯಿಲ್ಲ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಪೈಪ್ ಒಡೆಯುವುದು ಬಿಸಿಲಿಗೆ, ಹಂದಿಗೆ, ಅಣ್ಣತಮ್ಮಂದಿರ ಜಗಳಕ್ಕೆ. ಅವರು ಕೇಳಿದ್ದು ಒಂದೇ: ‘ಕಂಪ್ರೆಸರ್ ಮೇಲೆ ಏನು ಬರ್ದೈತೆ?’

‘150 ಪಿಎಸ್ಐ.’

‘ಅದು ಟಯರಿಗಾಯ್ತು. ನಿಮಿಷಕ್ಕೆ ಎಷ್ಟು ಗಾಳಿ ಕೊಡ್ತದೆ?’

‘ಎರಡೂವರೆ ಘನ ಅಡಿ.’

‘ವಾಪಸ್ ಇಟ್ಟು ಬಾ.’

ಹೇಳಲು ನನಗೆ ಸಂಕಟ, ಆದರೆ ಯಜಮಾನ್ರು ಹೇಳಿದ್ದು ಸರಿ. ಈ ಕೆಲಸಕ್ಕೆ ಒತ್ತಡಕ್ಕಿಂತ ಗಾಳಿಯ ಪ್ರಮಾಣ ಮುಖ್ಯ. ಗಾಳಿ ಸಾಲದಿದ್ದರೆ ಅದು ನೀರನ್ನು ತಳ್ಳುವುದಿಲ್ಲ, ನೀರಿನ ಮೇಲೆ ಹಾಯ್ದು ಹೋಗುತ್ತದೆ. ತಗ್ಗಿನ ನೀರು ಅಲ್ಲೇ ಉಳಿಯುತ್ತದೆ. 50 ಪಿಎಸ್ಐ ಒತ್ತಡದಲ್ಲಿ ನಿಮಿಷಕ್ಕೆ 10 ಘನ ಅಡಿಯಾದರೂ ಗಾಳಿ ಬೇಕು. ಒತ್ತಡ ಪಿವಿಸಿ ಪೈಪಿಗೆ 80, ಕರಿ ಪಾಲಿಥೀನ್ ಪೈಪಿಗೆ 50 ದಾಟಬಾರದು. ಸಣ್ಣ ಕಂಪ್ರೆಸರ್‌ನಲ್ಲೇ ಮಾಡುತ್ತೇನೆಂದರೆ ಟ್ಯಾಂಕ್ ತುಂಬುವವರೆಗೆ ಕಾಯುವುದು, ಒಂದೊಂದೇ ಸಾಲಿಗೆ ಬಿಡುವುದು, ಮತ್ತೆ ಕಾಯುವುದು.

ಇಲ್ಲಿಗೆ ನಿಲ್ಲಿಸಿದ್ದರೆ ಯಜಮಾನ್ರು ಎಂಜಿನಿಯರ್ ಆಗುತ್ತಿದ್ದರು. ನಿಲ್ಲಿಸಲಿಲ್ಲ. ‘ಒಂದು ಬೋರ್ ಲಾರಿ ಕರ್ಸು’ ಎಂದರು. ಲಾರಿಯ ಕಂಪ್ರೆಸರ್ ಎಂದರೆ ನಿಮಿಷಕ್ಕೆ 1100 ಘನ ಅಡಿ, 300 ಪಿಎಸ್ಐ. ಅದನ್ನು ನೇರ ಹಚ್ಚಿದ್ದರೆ ಕೊಲರಾಡೋದ ಸ್ಪ್ರಿಂಕ್ಲರುಗಳನ್ನು ಪಕ್ಕದ ಕಾನ್ಸಾಸ್ ರಾಜ್ಯಕ್ಕೆ ಹೋಗಿ ಹೆಕ್ಕಿಕೊಂಡು ಬರಬೇಕಿತ್ತು.

ಹುಡುಗ ಜಾಣ. ಮಾತಿನ ಮೊದಲರ್ಧ ಇಟ್ಟುಕೊಂಡು ಉಳಿದರ್ಧ ಬಿಟ್ಟ. ಕಂಪ್ರೆಸರ್ ಕೊಳ್ಳಲೇ ಇಲ್ಲ. ಚಳಿಗೆ ಮುಂಚೆ ಮನೆ ಮನೆಗೆ ಬಂದು ಈ ಕೆಲಸ ಮಾಡಿಕೊಡುವವರಿಗೆ ಹೇಳಿದ. ಅಲ್ಲಿ ಬೆಳಗ್ಗೆ ಒಂಬತ್ತು, ಇಲ್ಲಿ ರಾತ್ರಿ ಎಂಟೂವರೆ. ವಿಡಿಯೋದಲ್ಲಿ ಯಜಮಾನ್ರು ಹಾಜರು. ‘ಕಣ್ಣಿಗೆ ಕನ್ನಡಕ ಹಾಕ್ಕಂಡನಾ? ಗೇಜ್ ತೋರ್ಸು. ವಾಲ್ವ್ ಒಂದೊಂದೇ ತೆಗೀಲಿ.’ ಕೆಲಸಕ್ಕೆ ಬಂದಾತ ಮಾಡುತ್ತಿದ್ದುದೂ ಅದನ್ನೇ, ಆದ್ದರಿಂದ ಎಲ್ಲವೂ ತಮ್ಮ ಅಪ್ಪಣೆಯಂತೆ ನಡೆಯಿತೆಂದು ಇವರಿಗೆ ಖಾತ್ರಿಯಾಯಿತು. ಹಾಗೆಂದು ಪೂರ್ತಿ ನಗುವಂತಿಲ್ಲ. ನೀರು ಹೋಗಿ ಬರೀ ತುಂತುರು ಬರುವಾಗ ಗಾಳಿ ನಿಲ್ಲಿಸಬೇಕು. ಒಣ ಪೈಪಿಗೆ ಹೊಡೆಯುತ್ತಲೇ ಇದ್ದರೆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕೆಡುತ್ತದೆ. ಆತ ವಾಲ್ವಿಗೆ ಕೈ ಹಾಕುವ ಮೊದಲೇ ಇವರು ಫೋನಿನ ಸದ್ದು ಕೇಳಿ ‘ಸಾಕು ಬಿಡಪ್ಪ, ಮುಗೀತು’ ಎಂದಿದ್ದರು.

ಮರುದಿನ ಹೋಟೆಲಿನಲ್ಲಿ ಸುದ್ದಿ: ‘ನಿನ್ನೆ ಅಮೆರಿಕದಲ್ಲಿ ಒಂದು ಫ್ಲಶಿಂಗ್ ಇತ್ತು.’ ಕಾಫಿಯವನು ದುಡ್ಡು ಬಿಡಲಿಲ್ಲ, ಅದು ಬೇರೆ ಮಾತು.

ನಿಮ್ಮೂರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಕಂಪ್ರೆಸರ್ ಕೊಳ್ಳುವ ಮುಂಚೆ ತಪ್ಪದೆ ಅವರನ್ನು ಕೇಳಿ. ಸ್ವಿಚ್ ಮಾತ್ರ ಅವರ ಕೈಗೆ ಕೊಡಬೇಡಿ.